ಗಣಿಗಾರರ ತಾಯಿ ನೆಲ್ಲಿ ಕ್ಯಾಶ್‌ಮನ್

ದೇವಾಲಯವೊಂದಕ್ಕೆ ನೂರು ವರುಷ ತುಂಬಿದಾಗ ನಮಗೆ ಮೊದಲು ನೆನಪಾಗುವುದು ಅದರ ಅಡಿಗಲ್ಲನ್ನಿಟ್ಟ ಧರ್ಮಾಧ್ಯಕ್ಷರ ಮತ್ತು ಅದನ್ನು ಕಟ್ಟಿಸಿದ ಗುರುಗಳ ಹೆಸರು. ಅದು ಸಹಜವೂ ಹೌದು, ನ್ಯಾಯವೂ ಹೌದು. ಆದರೆ ಕಲ್ಲಿನ ಮೇಲೆ ಕಲ್ಲು ತಾನಾಗಿ ಏರುವುದಿಲ್ಲ. ಗುರುಗಳ ಹಿಂದೆ, ಲೆಕ್ಕದ ಪುಸ್ತಕಗಳಲ್ಲಿ ಹೆಸರು ಕಾಣಿಸದ ಅದೆಷ್ಟೋ ಮಂದಿ ನಿಂತಿರುತ್ತಾರೆ. ಸಂತೆಯಲ್ಲಿ ಕುಳಿತು ಕಾಯಿಪಲ್ಯ ಮಾರಿದವರು, ಮಗ್ಗದ ಮುಂದೆ ದಿನವೆಲ್ಲಾ ದುಡಿದವರು, ದಿನಕ್ಕೊಂದು ಹಿಡಿ ಜೋಳವನ್ನು ಬೇರೆಯಾಗಿ ತೆಗೆದಿಟ್ಟು ಭಾನುವಾರ ಉಡಿಯಲ್ಲಿ ತಂದು ಪೀಠದ ಬಳಿ ಸುರಿದವರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಈ ಮಾತು ಇಂದು ನಿನ್ನೆಯದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಗ್ರಂಥದ ಹದಿನಾರನೆಯ ಅಧ್ಯಾಯವನ್ನು ಓದಿದವರಿಗೆ ಲಿಡಿಯಳ ಪರಿಚಯವಿದೆ. ಸಂತ ಪೌಲರು ಫಿಲಿಪ್ಪಿ ಪಟ್ಟಣದ ಹೊಳೆಯ ದಂಡೆಯಲ್ಲಿ ಕಲೆತಿದ್ದ ಸ್ತ್ರೀಯರಿಗೆ ಶುಭಸಂದೇಶವನ್ನು ಸಾರಿದಾಗ ಅದನ್ನು ಹೃದಯದಲ್ಲಿ ಸ್ವೀಕರಿಸಿದವಳು ಈಕೆ. ಥುವತೈರದವಳಾದ ಈಕೆಯ ಉದ್ಯೋಗ ಬೆಲೆಬಾಳುವ ಊದಾಬಣ್ಣದ ವಸ್ತ್ರಗಳ ವ್ಯಾಪಾರ. ತನ್ನ ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದು, ಪೌಲರನ್ನೂ ಅವರ ಸಂಗಡಿಗರನ್ನೂ ಬಲವಂತದಿಂದ ತನ್ನ ಮನೆಗೆ ಕರೆದೊಯ್ದಳು. ಸೆರೆಮನೆಯಿಂದ ಬಿಡುಗಡೆಯಾದಾಗಲೂ ಪೌಲರು ಹೋದದ್ದು ಅವಳ ಮನೆಗೇ. ಫಿಲಿಪ್ಪಿಯ ಶ್ರೀಸಭೆ ಹೀಗೆ ಒಬ್ಬ ಬಟ್ಟೆ ವ್ಯಾಪಾರದ ಹೆಂಗಸಿನ ಪಡಸಾಲೆಯಲ್ಲಿ ಆರಂಭವಾಯಿತೆಂದರೆ ತಪ್ಪಾಗಲಾರದು. ಮಗ್ಗಗಳಿಗೆ ಹೆಸರಾದ ಗಜೇಂದ್ರಗಡದಲ್ಲಿ ವಾಸಿಸುವ ನಮಗೆ ಇದಕ್ಕಿಂತ ಆಪ್ತವಾದ ಸಂಗತಿ ಬೇರೆ ಯಾವುದಿದೆ?

ಲಿಡಿಯಳ ಆ ಸಾಲಿಗೆ ಸೇರಿದ, ನಮಗೆ ಕಾಲದಲ್ಲಿ ಇನ್ನಷ್ಟು ಸಮೀಪದಲ್ಲಿರುವ ಒಬ್ಬ ಕಥೋಲಿಕ ಮಹಿಳೆಯ ಜೀವನವನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರದ ಬಂಧುಗಳ ಮುಂದಿಡಲು ಬಯಸುತ್ತೇನೆ. ಆಕೆಯ ಹೆಸರು ನೆಲ್ಲಿ ಕ್ಯಾಶ್‌ಮನ್. ಐರ್ಲೆಂಡಿನಲ್ಲಿ ಹುಟ್ಟಿ, ಅಮೆರಿಕಾ ಮತ್ತು ಕೆನಡಾ ದೇಶಗಳ ಬೆಳ್ಳಿ ಬಂಗಾರದ ಗಣಿಯೂರುಗಳಲ್ಲಿ ಖಾನಾವಳಿ, ಅಂಗಡಿ, ವಸತಿಗೃಹಗಳನ್ನು ನಡೆಸಿ, ಗಳಿಸಿದ್ದನ್ನು ದೇವಾಲಯ, ಆಸ್ಪತ್ರೆ, ಅನಾಥರು ಮತ್ತು ಹಸಿದವರಿಗಾಗಿ ವೆಚ್ಚಮಾಡಿ, ಎಂಬತ್ತರ ಸಮೀಪದವರೆಗೂ ದುಡಿದ ಹೆಣ್ಣುಮಗಳು ಆಕೆ.

ನೆಲ್ಲಿ ಹುಟ್ಟಿದ್ದು 1845ರ ಸುಮಾರಿಗೆ, ಐರ್ಲೆಂಡಿನ ಕಾರ್ಕ್ ಪ್ರಾಂತದ ಮಿಡಲ್ಟನ್ ಪಟ್ಟಣದ ಕಡೆಯಲ್ಲಿ. ಅದೇ ವರುಷ ಆ ನಾಡಿನ ಬಡವರ ಏಕೈಕ ಆಹಾರವಾಗಿದ್ದ ಆಲೂಗಡ್ಡೆಯ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವೇ ವರುಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು. ಅಷ್ಟೇ ಮಂದಿ ಹಡಗು ಹತ್ತಿ ಪರದೇಶದ ದಾರಿ ಹಿಡಿದರು. ಬರವೆಂದರೇನೆಂಬುದನ್ನು ನಮ್ಮ ರೋಣ, ನರಗುಂದದ ಹಿರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ತಂದೆಯನ್ನು ಕಳೆದುಕೊಂಡಿದ್ದ ನೆಲ್ಲಿ, ತನ್ನ ತಾಯಿ ಹಾಗೂ ಸಹೋದರಿ ಫ್ಯಾನಿಯೊಡನೆ ಅಮೆರಿಕಾದ ಬಾಸ್ಟನ್ ನಗರವನ್ನು ಸೇರಿದಳು. ಅಲ್ಲಿಂದ 1860ರ ದಶಕದ ಕೊನೆಯಲ್ಲಿ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದರು. ಫ್ಯಾನಿ ಅಲ್ಲಿ ಮದುವೆಯಾಗಿ ಸಂಸಾರ ಹೂಡಿದಳು. ನೆಲ್ಲಿ ಮದುವೆಯಾಗಲಿಲ್ಲ, ಕನ್ಯಾಸ್ತ್ರೀಯರ ಮಠವನ್ನೂ ಸೇರಲಿಲ್ಲ. ಆಕೆ ಹಿಡಿದದ್ದು ವ್ಯಾಪಾರದ ದಾರಿ.

1872ರಲ್ಲಿ ನೆವಾಡಾ ಪ್ರಾಂತದ ಬೆಳ್ಳಿಯ ಗಣಿಪ್ರದೇಶದಲ್ಲಿ ತಾಯಿಯೊಡನೆ ಗಣಿಗಾರರಿಗಾಗಿ ಊಟ ವಸತಿಯ ಮನೆಯೊಂದನ್ನು ತೆರೆದಳು. ನಮ್ಮ ಕಡೆ ವಿಧವೆಯಾದ ತಾಯಿಯೊಬ್ಬಳು ಮಕ್ಕಳನ್ನು ಸಾಕಲು ರೊಟ್ಟಿ ಬಡಿದು ಖಾನಾವಳಿ ನಡೆಸುವುದಿಲ್ಲವೇ, ಹಾಗೆಯೇ ಇದು. ಆದರೆ ಆ ಊರುಗಳ ಸ್ವಭಾವವೇ ಬೇರೆ. ಬಂಗಾರದ ಸುದ್ದಿ ಬಂದೊಡನೆ ಸಾವಿರಾರು ಗಂಡಸರು ಬಯಲಿನಲ್ಲಿ ಗುಡಾರ ಹೊಡೆಯುತ್ತಿದ್ದರು. ಹೆಂಡದಂಗಡಿ, ಜೂಜಿನ ಮನೆ ಮೊದಲು ಏಳುತ್ತಿದ್ದವು. ದೇವಾಲಯ, ಶಾಲೆ, ಆಸ್ಪತ್ರೆಗಳು ಕೊನೆಗೆ ಬರುತ್ತಿದ್ದವು, ಇಲ್ಲವೆ ಬರುತ್ತಲೇ ಇರಲಿಲ್ಲ. ಅದಿರು ಮುಗಿದೊಡನೆ ಊರೇ ಬರಿದಾಗುತ್ತಿತ್ತು. ಕರ್ನಾಟಕದ ನಾವು ಇದನ್ನು ಅರಿಯದವರಲ್ಲ. ನಮ್ಮ ಗದಗ ಸೀಮೆಯ ಕಪ್ಪತಗುಡ್ಡದ ಆಸುಪಾಸಿನಲ್ಲಿಯೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಪನಿಗಳು ಬಂಗಾರಕ್ಕಾಗಿ ನೆಲವನ್ನು ಅಗೆದು ಹೋದವು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ದುಡಿದವರ ಬೆವರಿನ ಗುರುತಾಗಿ ಅವರು ಮೊಣಕಾಲೂರಿದ ದೇವಾಲಯಗಳು ಇಂದಿಗೂ ನಿಂತಿವೆ.

1874ರಲ್ಲಿ ನೆಲ್ಲಿ ಕೆನಡಾದ ಪಶ್ಚಿಮ ಭಾಗವಾದ ಬ್ರಿಟಿಷ್ ಕೊಲಂಬಿಯಾದ ಉತ್ತರಕ್ಕಿರುವ ಕ್ಯಾಸಿಯರ್ ಎಂಬ ಬಂಗಾರದ ಸೀಮೆಗೆ ಹೋಗಿ ಅಲ್ಲಿ ಊಟದ ಮನೆ ತೆರೆದಳು. ಚಳಿಗಾಲ ಬಂದಾಗ ಸಮುದ್ರತೀರದ ವಿಕ್ಟೋರಿಯಾ ಪಟ್ಟಣಕ್ಕೆ ಇಳಿದು ಬಂದಳು. ಆಗ ಕ್ಯಾಸಿಯರಿನಿಂದ ಕೆಟ್ಟ ಸುದ್ದಿ ಬಂದಿತು. ಹಿಮದಲ್ಲಿ ಸಿಕ್ಕಿಬಿದ್ದ ಗಣಿಗಾರರಿಗೆ ಸ್ಕರ್ವಿ ರೋಗ ಹತ್ತಿತ್ತು. ತಾಜಾ ಹಣ್ಣು ತರಕಾರಿಗಳು ತಿಂಗಳುಗಟ್ಟಲೆ ದೊರೆಯದಿದ್ದರೆ ಬರುವ ರೋಗವಿದು. ವಸಡಿನಿಂದ ರಕ್ತ ಒಸರುತ್ತದೆ, ಹಲ್ಲು ಸಡಿಲವಾಗುತ್ತವೆ, ಕೈಕಾಲು ಸೋಲುತ್ತವೆ, ಕೊನೆಗೆ ಪ್ರಾಣವೇ ಹೋಗುತ್ತದೆ. ಇದಕ್ಕೆ ಮದ್ದು ಔಷಧಾಲಯದಲ್ಲಿಲ್ಲ, ನಿಂಬೆಹಣ್ಣಿನಲ್ಲಿದೆ, ಹಸಿ ತರಕಾರಿಯಲ್ಲಿದೆ. ನಮ್ಮ ನಾಡಿನಲ್ಲಾದರೆ ನೆಲ್ಲಿಕಾಯಿಯಲ್ಲಿದೆ. ನೆಲ್ಲಿ ಎಂಬ ಹೆಸರಿನ ಹೆಣ್ಣುಮಗಳೇ ಆ ರೋಗಕ್ಕೆ ಮದ್ದು ಹೊತ್ತು ಹೊರಟದ್ದು ಕನ್ನಡ ಬಲ್ಲವರಿಗೆ ದೈವಸಂಕಲ್ಪದಂತೆ ತೋರಿದರೆ ಆಶ್ಚರ್ಯವಿಲ್ಲ.

ಆಕೆ ಆರು ಮಂದಿ ಆಳುಗಳನ್ನು ಗೊತ್ತುಮಾಡಿಕೊಂಡು, ಆಲೂಗಡ್ಡೆ, ನಿಂಬೆಯ ರಸ ಮೊದಲಾದ ಸುಮಾರು 1,500 ಪೌಂಡ್, ಎಂದರೆ ಏಳು ಕ್ವಿಂಟಾಲಿಗೆ ಸಮೀಪದಷ್ಟು ಸಾಮಾನುಗಳನ್ನು ಕೊಂಡು, ನಡುಚಳಿಗಾಲದಲ್ಲಿ ಉತ್ತರಕ್ಕೆ ಹೊರಟಳು. ಹಡಗಿನಲ್ಲಿ ಅಲಾಸ್ಕಾದ ಫೋರ್ಟ್ ರಾಂಗೆಲ್‌ವರೆಗೆ, ಅಲ್ಲಿಂದ ಹೆಪ್ಪುಗಟ್ಟಿದ ಸ್ಟಿಕೀನ್ ನದಿಯ ಮೇಲೆ ಜಾರುಬಂಡಿಗಳನ್ನು ಎಳೆದುಕೊಂಡು ಪ್ರಯಾಣ. ಹೆಂಗಸೊಬ್ಬಳು ಸಾಯಲು ಹೊರಟಿದ್ದಾಳೆಂದು ಬಗೆದ ಅಲ್ಲಿಯ ಸೇನಾಧಿಕಾರಿ, ಆಕೆಯನ್ನು ಮರಳಿ ಕರೆತರಲು ಸೈನಿಕರನ್ನು ಕಳಿಸಿದನೆಂದೂ, ಬಂದ ಸೈನಿಕರು ನದಿಯ ಹಿಮದ ಮೇಲೆ ಆಕೆ ಕಾಸಿಕೊಟ್ಟ ಚಹ ಕುಡಿದು ಬರಿಗೈಯಲ್ಲಿ ಹಿಂದಿರುಗಿದರೆಂದೂ ಹೇಳುತ್ತಾರೆ. ಒಂದು ರಾತ್ರಿ ಹಿಮವು ಕುಸಿದು ಆಕೆಯ ಗುಡಾರವನ್ನು ಇಳಿಜಾರಿನಲ್ಲಿ ಕೊಚ್ಚಿಕೊಂಡು ಹೋಯಿತು. ಆಕೆ ಹಿಮವನ್ನು ತೋಡಿಕೊಂಡು ಹೊರಬಂದಳು. 77 ದಿನಗಳ ನಂತರ ಆ ಸಾಮಾನುಗಳು ಗಣಿಗಾರರ ಬಿಡಾರಗಳನ್ನು ಮುಟ್ಟಿದವು. ಹತ್ತಾರು ಮಂದಿ ಬದುಕಿಕೊಂಡರು. ಅವರಲ್ಲಿ ಕಥೋಲಿಕನಾರು, ಅಲ್ಲದವನಾರು ಎಂದು ಆಕೆ ಕೇಳಲಿಲ್ಲ.

ಅದೇ ದಿನಗಳಲ್ಲಿ ವಿಕ್ಟೋರಿಯಾದಲ್ಲಿ ಸಂತ ಅನ್ನಮ್ಮನವರ ಸಭೆಯ ಧರ್ಮಭಗಿನಿಯರು ಸಂತ ಜೋಸೆಫರ ಹೆಸರಿನಲ್ಲಿ ಒಂದು ಆಸ್ಪತ್ರೆಯನ್ನು ಕಟ್ಟಲು ಹೊರಟಿದ್ದರು. ನೆಲ್ಲಿ ಕ್ಯಾಸಿಯರಿನ ಗಣಿಗಾರರ ಬಳಿ ತಿರುಗಿ, ಅವರು ಕೊಟ್ಟ ದೇಣಿಗೆಯನ್ನು ಕೂಡಿಸಿ ಧರ್ಮಭಗಿನಿಯರಿಗೆ ಒಪ್ಪಿಸಿದಳು. ಆಸ್ಪತ್ರೆ 1876ರಲ್ಲಿ ತೆರೆಯಿತು. ಓದುಗರು ಈ ಆಸ್ಪತ್ರೆಯ ಹೆಸರನ್ನು ನೆನಪಿನಲ್ಲಿಡಬೇಕು.

1879ರಲ್ಲಿ ನೆಲ್ಲಿ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಯ ಅರಿಜೋನಾ ಸೀಮೆಗೆ ಬಂದಳು. ಹಿಮದ ನಾಡಿನಿಂದ ಮರಳುಗಾಡಿಗೆ ಬಂದಂತಾಯಿತು. ಟೂಸಾನ್ ಪಟ್ಟಣದಲ್ಲಿ ಒಂದು ಹೋಟೆಲನ್ನು ತೆರೆದು, ಮರುವರುಷವೇ ಟೂಂಬ್‌ಸ್ಟೋನ್ ಎಂಬ ಹೊಸ ಗಣಿಯೂರಿಗೆ ಹೋದಳು. ಟೂಂಬ್‌ಸ್ಟೋನ್ ಎಂದರೆ ಗೋರಿಯ ಕಲ್ಲು. ಬೆಳ್ಳಿಯನ್ನು ಹುಡುಕಲು ಹೊರಟವನಿಗೆ, ಅಲ್ಲಿ ನಿನಗೆ ದೊರೆಯುವ ಕಲ್ಲು ನಿನ್ನ ಗೋರಿಯದೊಂದೇ ಎಂದು ಜೊತೆಯವರು ಹಾಸ್ಯಮಾಡಿದ್ದರಿಂದ ಆ ಹೆಸರು ಬಂದಿತು. 1881ರ ಅಕ್ಟೋಬರ್ 26ರಂದು ಓ.ಕೆ. ಕೊರಾಲ್ ಬಳಿ ನಡೆದ ಗುಂಡಿನ ಕಾಳಗದಿಂದ ಆ ಊರು ಜಗತ್ತಿಗೆಲ್ಲಾ ಪರಿಚಿತವಾಯಿತು. ಅದರ ಮೇಲೆ ಎಷ್ಟೋ ಚಲನಚಿತ್ರಗಳು ಬಂದವು. ಆದರೆ ಬಂದೂಕು ಹಿಡಿದವರ ಆ ಊರಿನಲ್ಲಿಯೇ ಸವಟು ಹಿಡಿದ ಒಬ್ಬ ಹೆಂಗಸು ದೇವಾಲಯ ಕಟ್ಟಲು ಮನೆಮನೆ ತಿರುಗುತ್ತಿದ್ದಳೆಂಬುದನ್ನು ಬಲ್ಲವರು ಕಡಿಮೆ.

ಟೂಂಬ್‌ಸ್ಟೋನಿನಲ್ಲಿ ನೆಲ್ಲಿ ಮೊದಲು ಪಾದರಕ್ಷೆಗಳ ಅಂಗಡಿಯನ್ನಿಟ್ಟಳು. ಆಮೇಲೆ ಪಾಲುದಾರರೊಡನೆ ರಸ್ ಹೌಸ್ ಎಂಬ ಊಟ ವಸತಿಯ ಹೋಟೆಲನ್ನು ನಡೆಸಿದಳು. ಹಣವಿದ್ದವನು ಹಣ ಕೊಟ್ಟು ಉಂಡನು, ಇಲ್ಲದವನೂ ಉಂಡನು. ಆಗ ಆ ಊರಿನಲ್ಲಿ ಕಥೋಲಿಕರಿಗೆ ದೇವಾಲಯವಿರಲಿಲ್ಲ. ಅರಿಜೋನಾದ ಕಥೋಲಿಕರನ್ನು ನೋಡಿಕೊಳ್ಳುತ್ತಿದ್ದ ಧರ್ಮಾಧ್ಯಕ್ಷ ಸಾಲ್ಪ್ವಾಂತ್ ಅವರ ಕೈಕೆಳಗೆ ವಿಸ್ತಾರವಾದ ಮರುಭೂಮಿಯಿತ್ತೇ ಹೊರತು ಸಾಕಷ್ಟು ಗುರುಗಳೂ ಇರಲಿಲ್ಲ, ಹಣವೂ ಇರಲಿಲ್ಲ. ನೆಲ್ಲಿ ತಾನೇ ಹಣ ಕೂಡಿಸಲು ಹೊರಟಳು. ಹೋಟೆಲಿನ ಗಿರಾಕಿಗಳನ್ನು ಕೇಳಿದಳು, ಗಣಿಯ ಒಡೆಯರನ್ನು ಕೇಳಿದಳು, ಹೆಂಡದಂಗಡಿಗೂ ಜೂಜಿನ ಮನೆಗೂ ಹೋಗಿ ಕೇಳಿದಳು. ಆಕೆಗೆ ಇಲ್ಲವೆನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹೀಗೆ ಪವಿತ್ರ ಹೃದಯದ ದೇವಾಲಯವು ಆ ಗೋರಿಗಲ್ಲಿನ ಊರಿನಲ್ಲಿ ಎದ್ದಿತು.

ಪಾಪದ ಹಣದಿಂದ ದೇವರ ಮನೆಯನ್ನು ಕಟ್ಟಬಹುದೇ ಎಂದು ಇಲ್ಲಿ ಕೆಲವರು ಕೇಳಬಹುದು. ಗುರುಮಠದಲ್ಲಿ ನೀತಿಶಾಸ್ತ್ರವನ್ನು ಓದುತ್ತಿದ್ದ ದಿನಗಳಲ್ಲಿ ನಾನೂ ಈ ಪ್ರಶ್ನೆಗೆ ಬಿಗಿಯಾದ ಉತ್ತರವನ್ನೇ ಕೊಡುತ್ತಿದ್ದೆ. ಧರ್ಮಕೇಂದ್ರಗಳಲ್ಲಿ ದುಡಿದು ತಲೆ ನರೆತ ಮೇಲೆ ಅಷ್ಟು ಆತುರದಿಂದ ಹೇಳಲಾರೆ. ಜೂಜಾಡುವವನ ಕಿಸೆಯಿಂದ ಒಂದು ನಾಣ್ಯವನ್ನು ತೆಗೆಸಿದ ನೆಲ್ಲಿ, ಅವನ ಹೃದಯದ ಬಾಗಿಲನ್ನೂ ಸ್ವಲ್ಪ ತೆರೆಸಿದ್ದಳಲ್ಲವೇ? ಸುಂಕದವನಾದ ಜಕ್ಕಾಯನ ಮನೆಯ ಊಟವನ್ನು ನಮ್ಮ ಪ್ರಭು ನಿರಾಕರಿಸಲಿಲ್ಲ. ಕೇಳುವವರು ತಮಗಾಗಿ ಕೇಳುತ್ತಿಲ್ಲವೆಂದು ಜನರಿಗೆ ಖಚಿತವಾದರೆ ಕೊಡುವ ಕೈ ತಾನಾಗಿ ಚಾಚುತ್ತದೆ.

1881ರಲ್ಲಿ ಫ್ಯಾನಿಯ ಗಂಡ ಕ್ಷಯರೋಗದಿಂದ ತೀರಿಕೊಂಡನು. ನೆಲ್ಲಿ ಸಹೋದರಿಯನ್ನೂ ಅವಳ ಐದು ಮಕ್ಕಳನ್ನೂ ತನ್ನ ಬಳಿಗೆ ಕರೆಸಿಕೊಂಡಳು. 1884ರಲ್ಲಿ ಫ್ಯಾನಿಯೂ ಅದೇ ರೋಗಕ್ಕೆ ಬಲಿಯಾದಳು. ಮದುವೆಯಾಗದ ನೆಲ್ಲಿ ಐದು ತಬ್ಬಲಿಗಳಿಗೆ ದೊಡ್ಡಮ್ಮನೂ ತಾಯಿಯೂ ಆದಳು. ಅವರನ್ನು ಕಥೋಲಿಕ ಶಾಲೆಗಳಲ್ಲಿ ಓದಿಸಿ, ಗಣಿಯೂರಿನಿಂದ ಗಣಿಯೂರಿಗೆ ತಿರುಗುತ್ತಲೇ ಸಾಕಿ ಸಲಹಿದಳು. ಅವರಲ್ಲೊಬ್ಬನು ಮುಂದೆ ಅರಿಜೋನಾದಲ್ಲಿ ಬ್ಯಾಂಕಿನ ಮುಖ್ಯಸ್ಥನಾಗುವಷ್ಟು ಬೆಳೆದನು.

ಅದೇ 1884ರಲ್ಲಿ ನಡೆದ ಇನ್ನೊಂದು ಘಟನೆಯಿಂದ ಆಕೆಯ ಕೆಚ್ಚು ಎಂಥದೆಂಬುದು ತಿಳಿಯುತ್ತದೆ. ಸಮೀಪದ ಬಿಸ್ಬೀ ಪಟ್ಟಣದಲ್ಲಿ ದರೋಡೆ ಮಾಡಿ ಕೊಲೆಗೈದ ಐವರಿಗೆ ಮಾರ್ಚ್ 28ರಂದು ಟೂಂಬ್‌ಸ್ಟೋನಿನಲ್ಲಿ ಗಲ್ಲು ವಿಧಿಸಲಾಗಿತ್ತು. ಅದನ್ನು ಜಾತ್ರೆಯಂತೆ ನೋಡಲು ಜನ ಸಿದ್ಧರಾದರು. ಒಬ್ಬನು ಗಲ್ಲುಗಂಬದ ಅಂಗಳ ಕಾಣುವಂತೆ ಮರದ ಅಟ್ಟಣೆ ಕಟ್ಟಿ, ಕುಳಿತು ನೋಡಲು ಚೀಟಿ ಮಾರತೊಡಗಿದನು. ಸೆರೆಮನೆಗೆ ಹೋಗಿ ಆ ಕೈದಿಗಳನ್ನು ಕಾಣುತ್ತಿದ್ದ, ಅವರೊಡನೆ ಪ್ರಾರ್ಥಿಸುತ್ತಿದ್ದ ನೆಲ್ಲಿಗೆ ಇದು ಸಹಿಸಲಾಗಲಿಲ್ಲ. ಅವರು ಕೊಲೆಗಾರರೇ ಸರಿ. ಆದರೆ ಮನುಷ್ಯನ ಸಾವು ಆಟವಲ್ಲ. ಗಲ್ಲಿನ ಹಿಂದಿನ ರಾತ್ರಿ ಊರು ಮಲಗಿದ ಮೇಲೆ, ಕೆಲವು ಗಣಿಗಾರ ಗೆಳೆಯರೊಡನೆ ಹಾರೆ, ಗುದ್ದಲಿ ಹಿಡಿದು ಹೋಗಿ ಆ ಅಟ್ಟಣೆಯನ್ನು ಮುರಿದು ಚೂರುಚೂರು ಮಾಡಿದಳು. ಸತ್ತವರ ಶವಗಳನ್ನು ವೈದ್ಯರ ಪ್ರಯೋಗಕ್ಕಾಗಿ ಯಾರಾದರೂ ಅಗೆದುಕೊಂಡು ಹೋದಾರೆಂದು ಕೆಲವು ದಿನ ಗೋರಿಗಳಿಗೆ ಕಾವಲನ್ನೂ ಇರಿಸಿದಳು. ಸೆರೆಯಲ್ಲಿದ್ದವರನ್ನು ಕಾಣುವುದು, ಸತ್ತವರನ್ನು ಮಣ್ಣುಮಾಡುವುದು ದಯಾಕಾರ್ಯಗಳೆಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಆಕೆ ಅವನ್ನು ಹಾರೆಯಿಂದ ಮಾಡಿ ತೋರಿಸಿದಳು.

ಬೆಳ್ಳಿಯ ಗಣಿಗಳಲ್ಲಿ ನೀರು ತುಂಬಿ ಟೂಂಬ್‌ಸ್ಟೋನ್ ಇಳಿಮುಖವಾದಾಗ ನೆಲ್ಲಿಯೂ ಹೊರಟಳು. ಹತ್ತಾರು ಗಣಿಯೂರುಗಳನ್ನು ಸುತ್ತಿದಳು. 1896ರಲ್ಲಿ ಕೆನಡಾದ ವಾಯವ್ಯ ಮೂಲೆಯ ಕ್ಲಾಂಡೈಕಿನಲ್ಲಿ ಬಂಗಾರ ಸಿಕ್ಕಿತು. 1898ರಲ್ಲಿ ಐವತ್ತು ದಾಟಿದ ನೆಲ್ಲಿ ಚಿಲ್ಕೂಟ್ ಎಂಬ ಹಿಮದ ಕಣಿವೆದಾರಿಯನ್ನು ಹತ್ತಿದಳು. ಹಸಿವಿನಿಂದ ಜನ ಸಾಯಬಾರದೆಂದು, ವರುಷಕ್ಕೆ ಸಾಲುವಷ್ಟು, ಹೆಚ್ಚುಕಡಿಮೆ ಒಂದು ಟನ್ ಸಾಮಾನು ತಾರದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಆ ಹೊರೆಯನ್ನು ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಸಾಗಿಸಲು ಗಟ್ಟಿಮುಟ್ಟಾದ ಯುವಕರೇ ಸೋತು ಹಿಂದಿರುಗುತ್ತಿದ್ದರು. ನೆಲ್ಲಿ ದಾಟಿದಳು.

ಡಾಸನ್ ಪಟ್ಟಣದಲ್ಲಿ ಆಕೆ ಹೋಟೆಲನ್ನೂ ಕಿರಾಣಿ ಅಂಗಡಿಯನ್ನೂ ನಡೆಸಿದಳು. ಬಂಗಾರದ ಕ್ಷೇತ್ರವೊಂದರಲ್ಲಿ ಆಕೆಗೆ ಲಕ್ಷ ಡಾಲರಿಗೂ ಮೀರಿ ದೊರೆಯಿತೆಂದು ಹೇಳುತ್ತಾರೆ. ಆ ಹಣ ಆಕೆಯ ಕೈಯಲ್ಲಿ ನಿಲ್ಲಲಿಲ್ಲ. ಹೊಸ ಗಣಿಗಳ ಹುಡುಕಾಟಕ್ಕೆ ಸ್ವಲ್ಪ ಹೋಯಿತು. ಕೇಳಿಬಂದ ಬಡವರಿಗೂ ದೇವಾಲಯಕ್ಕೂ ಆಸ್ಪತ್ರೆಗೂ ಬಹಳ ಹೋಯಿತು. ಯೇಸುಸಭೆಯ ಗುರು ವಿಲಿಯಂ ಜಡ್ಜ್ ಅವರು ಆ ಪಟ್ಟಣದಲ್ಲಿ ಸಂತ ಮರಿಯಮ್ಮನವರ ಹೆಸರಿನ ಆಸ್ಪತ್ರೆಯನ್ನು ಕಟ್ಟಿದ್ದರು. 1898ರಲ್ಲಿ ವಿಷಮಶೀತಜ್ವರ ಹಬ್ಬಿದಾಗ ರೋಗಿಗಳಿಂದ ಅದು ತುಂಬಿ ತುಳುಕಿತು. ಸಹಾಯಕ್ಕೆ ಬಂದವರು ವಿಕ್ಟೋರಿಯಾದ ಅದೇ ಸಂತ ಅನ್ನಮ್ಮನವರ ಸಭೆಯ ಧರ್ಮಭಗಿನಿಯರು. 1899ರ ಜನವರಿಯಲ್ಲಿ ಗುರು ಜಡ್ಜ್ ಅವರೇ ನ್ಯುಮೋನಿಯಾದಿಂದ ಸಾವನ್ನಪ್ಪಿದರು. ಧರ್ಮಭಗಿನಿಯರ ಪರವಾಗಿ ಗಣಿಗಾರರ ಬಳಿ ಕೈಚಾಚಲು ನೆಲ್ಲಿ ಅಲ್ಲಿಯೂ ಇದ್ದಳು. 1904ರಲ್ಲಿ ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಹೋಗಿ ಅಂಗಡಿ ತೆರೆದಾಗ, ಆ ಊರಿನಲ್ಲಿದ್ದ ಆಸ್ಪತ್ರೆ ಕಥೋಲಿಕರದಾಗಿರಲಿಲ್ಲ, ಎಪಿಸ್ಕೋಪಲ್ ಸಭೆಯದು. ಅದಕ್ಕೂ ಆಕೆ ಹಣ ಕೂಡಿಸಿಕೊಟ್ಟಳು. ದ್ವಿತೀಯ ವ್ಯಾಟಿಕನ್ ಮಹಾಸಭೆಗೆ ಇನ್ನೂ ಅರುವತ್ತು ವರುಷವಿದ್ದ ಕಾಲವದು ಎಂಬುದನ್ನು ಗಮನಿಸಬೇಕು.

ಆಕೆಯ ಕೊನೆಯ ಇಪ್ಪತ್ತು ವರುಷಗಳು ಉತ್ತರ ಧ್ರುವವೃತ್ತಕ್ಕೂ ಆಚೆಯ ಕೊಯುಕುಕ್ ಪ್ರದೇಶದ ನೋಲನ್ ಹಳ್ಳದ ಬಳಿ ಕಳೆದವು. ಚಳಿಗಾಲದಲ್ಲಿ ಸೂರ್ಯನೇ ಕಾಣದ ಆ ಸೀಮೆಯಲ್ಲಿ ತಾನೇ ಗಣಿಗಾರಿಕೆ ಮಾಡಿದಳು. ಎಪ್ಪತ್ತು ದಾಟಿದ ಮೇಲೂ ನಾಯಿಗಳು ಎಳೆಯುವ ಬಂಡಿಯಲ್ಲಿ ನೂರಾರು ಮೈಲಿ ಹಿಮವನ್ನು ದಾಟಿ ಊರಿಗೆ ಬಂದಾಗ ಪತ್ರಿಕೆಗಳು ಅದನ್ನು ಬೆರಗಿನಿಂದ ವರದಿ ಮಾಡಿದವು.

ನೆಲ್ಲಿ ಕ್ಯಾಶ್‌ಮನ್‌ಳನ್ನು ಶ್ರೀಸಭೆ ಸಂತಳೆಂದು ಸಾರಿಲ್ಲ. ನಾನೂ ಹಾಗೆ ಸಾರಲಾರೆ. ಆಕೆ ಒಂದೆಡೆ ನೆಲೆ ನಿಲ್ಲದವಳು. ಬಂಗಾರದ ಆಸೆ ಆಕೆಯನ್ನು ಕೊನೆಯವರೆಗೂ ಬಿಡಲಿಲ್ಲ. ಗಣಿಯ ಹಕ್ಕುಗಳಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದಳು. 1883ರಲ್ಲಿ ಬಂಗಾರದ ಸುದ್ದಿಯನ್ನು ನಂಬಿ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಮರಳುಗಾಡಿಗೆ ಒಂದು ತಂಡದೊಡನೆ ಹೋಗಿ, ನೀರಿಲ್ಲದೆ ಎಲ್ಲರೂ ಸಾಯುವಂತಾಗಿತ್ತು. ಆ ಬಂಗಾರದ ನುಗ್ಗಾಟಗಳಿಂದ ಅಲ್ಲಿಯ ಮೂಲನಿವಾಸಿಗಳು ತಮ್ಮ ನೆಲೆಯನ್ನು ಕಳೆದುಕೊಂಡರೆಂಬುದನ್ನೂ ಇಂದು ನಾವು ಮರೆಯುವಂತಿಲ್ಲ. ಆದರೆ ಒಂದು ಮಾತು ಸತ್ಯ. ಸಾವಿರಾರು ಜನ ಕೂಡಿಡಲು ಬಂದಲ್ಲಿ ಆಕೆ ಕೊಡಲು ದುಡಿದಳು. ವ್ಯಾಪಾರವನ್ನು ಬಿಟ್ಟು ದೇವರ ಬಳಿಗೆ ಬರಲಿಲ್ಲ. ತಕ್ಕಡಿ, ಸವಟು, ಲೆಕ್ಕದ ಪುಸ್ತಕಗಳ ಸಮೇತ ಬಂದಳು. ಶ್ರೀಸಾಮಾನ್ಯ ವಿಶ್ವಾಸಿಗಳು ತಾವಿರುವಲ್ಲಿಯೇ, ತಮ್ಮ ಕಸುಬಿನ ಮೂಲಕವೇ ಪ್ರೇಷಿತಕಾರ್ಯ ನಡೆಸಬೇಕೆಂದು ವ್ಯಾಟಿಕನ್ ಮಹಾಸಭೆ 1965ರಲ್ಲಿ ವಿಶದಪಡಿಸಿತು. ಆಕೆ ಅದನ್ನು ಯಾರೂ ಹೇಳಿಕೊಡದೆ ಮಾಡಿದ್ದಳು.

1924ರಲ್ಲಿ ನೆಲ್ಲಿಗೆ ನ್ಯುಮೋನಿಯಾ ತಗುಲಿತು. ಅಲಾಸ್ಕಾದಲ್ಲಿ ಚಿಕಿತ್ಸೆ ಪಡೆದ ನಂತರ ಆಕೆಯನ್ನು ದಕ್ಷಿಣಕ್ಕೆ ಕರೆತಂದರು. ಆಕೆ ಕೊನೆಯದಾಗಿ ಸೇರಿದ್ದು ವಿಕ್ಟೋರಿಯಾದ ಸಂತ ಜೋಸೆಫರ ಆಸ್ಪತ್ರೆಯನ್ನು. ಸುಮಾರು ಐವತ್ತು ವರುಷಗಳ ಹಿಂದೆ ಯಾವ ಆಸ್ಪತ್ರೆಗಾಗಿ ಗಣಿಗಾರರ ಗುಡಾರದಿಂದ ಗುಡಾರಕ್ಕೆ ಹೋಗಿ ಬೇಡಿದ್ದಳೋ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ, ಅದೇ ಸಭೆಯ ಧರ್ಮಭಗಿನಿಯರ ಆರೈಕೆಯಲ್ಲಿ, 1925ರ ಜನವರಿ 4ರಂದು ಕಣ್ಣು ಮುಚ್ಚಿದಳು. ಆ ನಗರದ ರಾಸ್ ಬೇ ಸ್ಮಶಾನದಲ್ಲಿ ಧರ್ಮಭಗಿನಿಯರ ಸಮಾಧಿಗಳ ಸಮೀಪದಲ್ಲಿಯೇ ಆಕೆಯ ಸಮಾಧಿಯಿದೆ. 1994ರಲ್ಲಿ ಅಮೆರಿಕಾ ಸರಕಾರ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಆಕೆಗೆ ದೊರೆತ ನಿಜವಾದ ಗೌರವ ಆ ಹಾಸಿಗೆಯೇ. ಕೊಟ್ಟದ್ದು ಕಳೆದುಹೋಗುವುದಿಲ್ಲ, ಎಂದೋ ಒಂದು ದಿನ, ನಮಗೆ ತೀರಾ ಅಗತ್ಯವಾದಾಗ, ಅದು ನಮ್ಮನ್ನು ಎತ್ತಿಕೊಳ್ಳುತ್ತದೆ.

ಪ್ರಿಯ ಬಂಧುಗಳೇ, ನೆಲ್ಲಿಯ ಹೆಸರನ್ನು ಚರಿತ್ರೆ ಉಳಿಸಿಕೊಂಡಿತು. ಆದರೆ ನಮ್ಮ ದೇವಾಲಯದ ಈ ಗೋಡೆಗಳ ಹಿಂದಿರುವ ತಾಯಂದಿರ ಹೆಸರನ್ನು ನಾವಲ್ಲದೆ ಇನ್ನಾರು ಉಳಿಸಬೇಕು? ಈ ಸ್ಮರಣ ಸಂಚಿಕೆಯನ್ನು ಮನೆಗೆ ಕೊಂಡೊಯ್ದ ಮೇಲೆ, ನಿಮ್ಮ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ. ಯಾವ ಅಜ್ಜಿ ಸಂತೆಯ ಗಳಿಕೆಯಿಂದ ಮೇಣದಬತ್ತಿಗೆ ಕೊಟ್ಟಳು, ಯಾವ ಆಯಿ ನೇಯ್ದು ಉಳಿಸಿದ ಹಣದಿಂದ ಪೀಠಕ್ಕೆ ವಸ್ತ್ರ ಹೊದಿಸಿದಳು, ಯಾವ ಚಿಗವ್ವ ಗುರುಗಳು ಬಂದ ದಿನ ತಾನು ಉಪವಾಸವಿದ್ದು ಅವರಿಗೆ ರೊಟ್ಟಿ ಬಡಿದಳು ಎಂದು ಕೇಳಿ, ಆ ಹೆಸರುಗಳನ್ನು ಈ ಪುಸ್ತಕದ ಖಾಲಿ ಪುಟದಲ್ಲಿ ನಿಮ್ಮ ಕೈಯಾರೆ ಬರೆದಿಡಿರಿ. ಮುಂದಿನ ನೂರು ವರುಷದ ಮೇಲೆ ಈ ಹಬ್ಬವನ್ನು ಆಚರಿಸುವವರಿಗೆ ಅದಕ್ಕಿಂತ ದೊಡ್ಡ ಆಸ್ತಿಯನ್ನು ನಾವು ಬಿಟ್ಟುಹೋಗಲಾರೆವು. ಹೆಸರು ಬರೆಯಲು ಮರೆತುಹೋದವರನ್ನು ದೇವರು ಮರೆತಿಲ್ಲ. ಅವರೆಲ್ಲರ ಆತ್ಮಗಳಿಗೆ ಕರುಣಾಮಯಿಯಾದ ಪ್ರಭು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ.